ಎರಡು ಪೈನ್ ಮರಗಳ ನಡುವೆ

ಅಮ್ಮನ ಎಂಬತ್ತನೆಯ ಹುಟ್ಟುಹಬ್ಬಕ್ಕೆ ಹಾಯಿದೋಣಿ ಗೊತ್ತುಮಾಡಿದವಳು ಹೇರಾನ್. ಬೆಳಿಗ್ಗೆ ತೊಂಗ್ಯೊಂಗ್ ಬಂದರಿನಿಂದ ಹೊರಟು, ದ್ವೀಪಗಳನ್ನೆಲ್ಲ ಬಳಸಿ, ಸಂಜೆಗೆ ಮರಳುವುದು. ಅಣ್ಣ ತೇಗುನ್‌ಗೆ ಅವಳು ತಿಳಿಸಿದ್ದು ಎಲ್ಲ ನಿಶ್ಚಯವಾದ ಮೇಲೆ. "ಒಳ್ಳೇದಾಯ್ತು" ಎಂದವನು, ಯಾವ ಯಾವ ದ್ವೀಪ ಎಂದೂ ಕೇಳಿದ.

ಆ ದ್ವೀಪಗಳಲ್ಲಿ ಒಂದು ಹಕ್‌ಸೊಮ್. ಅಮ್ಮ ಬಾಳ್ವೆ ಮಾಡಿದ ಊರು. ಈಗ ಅಲ್ಲಿ ಯಾರೂ ಇಲ್ಲ, ಅಪ್ಪನ ಸಮಾಧಿಯೊಂದನ್ನು ಬಿಟ್ಟು. ಸಮುದ್ರದ ಕಡೆಗಿನ ಇಳಿಜಾರಿನಲ್ಲಿ, ಎರಡು ಪೈನ್ ಮರಗಳ ನಡುವೆ, ದುಂಡನೆಯ ಮಣ್ಣಿನ ದಿಬ್ಬ. ಸುಗ್ಗಿಯ ಹುಣ್ಣಿಮೆಗೆ ಮುಂಚೆ ಅದರ ಮೇಲಿನ ಹುಲ್ಲು ಕೊಯ್ದು ಚೊಕ್ಕಟ ಮಾಡಿ ಬರುವುದು ಮಗನ ಕೆಲಸ. ಮಂಡಿನೋವಿನ ಅಮ್ಮ ಗುಡ್ಡ ಹತ್ತಲಾರಳು. ಹೇರಾನ್ ಹೊರಟರೆ ತೇಗುನ್ ತಡೆಯುತ್ತಿದ್ದ: "ಕೊಟ್ಟ ಹೆಣ್ಣು ಕುಡುಗೋಲು ಹಿಡಿದ್ರೆ ಜನ ನನ್ನ ಮುಖಕ್ಕೆ ಉಗೀತಾರೆ."

ಮೂರು ವರ್ಷದ ಹಿಂದೆ ಚಂಡಮಾರುತ ಎದ್ದು ದೋಣಿ ಹೊರಡಲಿಲ್ಲ. ಅಮ್ಮ ಕೊರಗುವುದು ಬೇಡವೆಂದು ಅವನು ದಿಬ್ಬದ ಹಿಂದಿನ ವರ್ಷದ ಫೋಟೋ ತೋರಿಸಿದ. ಅವಳು ಅದನ್ನು ತೋಳುದ್ದ ದೂರ ಹಿಡಿದು ನೋಡಿ, "ಎಷ್ಟು ಚೆನ್ನಾಗಿ ಮಾಡಿದ್ದೀಯೋ ಮಗಾ" ಎಂದಳು. ಸುಳ್ಳು ಅಷ್ಟು ಸಲೀಸಾಗಿ ನಡೆದದ್ದೇ ಕೇಡಾಯಿತು. ಮರುವರ್ಷ ಹಡಗುಕಟ್ಟೆಯಲ್ಲಿ ಕೆಲಸ ಜಾಸ್ತಿ. ಅದರ ಮರುವರ್ಷ ಬೆನ್ನುನೋವು. ಈ ವರ್ಷ ಕಾರಣ ಹುಡುಕುವ ಗೋಜಿಗೂ ಹೋಗಲಿಲ್ಲ.

ಅವನಿಗಿದ್ದ ಧೈರ್ಯ ಒಂದೇ. ಅಮ್ಮನಿಗೆ ಸೂಜಿಗೆ ದಾರ ಪೋಣಿಸಲೂ ಕಣ್ಣು ಕಾಣಿಸದು. ದೂರದ ಗುಡ್ಡ ಏನು ಕಂಡೀತು?

"ಅಜ್ಜಿ, ವಾಂತಿ ಬಂದ್ರೆ ಗಾಳಿ ಹೋಗೋ ಕಡೆ ಬಗ್ಗಿ," ಎಂದ ದೋಣಿಯ ಕ್ಯಾಪ್ಟನ್ ಪ್ಯೊ. "ಗಾಳಿ ಬರೋ ಕಡೆ ಬಗ್ಗಿದ್ರೆ ಮಗನ ಅಂಗಿ ಕೆಡುತ್ತೆ."

"ನೀನು ತೊಟ್ಟಿಲಲ್ಲಿದ್ದಾಗಲೇ ನಾನು ದೋಣಿ ನಡೆಸ್ತಿದ್ದೆ ಕಣಪ್ಪ. ನಿನ್ನ ಹಗ್ಗ ನೀನು ನೋಡ್ಕೋ."

ಹಾಯಿ ಗಾಳಿ ತುಂಬಿಕೊಂಡು ದೋಣಿ ವಾಲಿತು. ಹೇರಾನ್ ಡಬ್ಬಿ ಬಿಚ್ಚಿ ಸಮುದ್ರಪಾಚಿಯಲ್ಲಿ ಸುತ್ತಿದ ಅನ್ನ, ಖಾರದ ಮೂಲಂಗಿ ಹಂಚಿದಳು. ಅಮ್ಮ ಬಾಯಿ ಆಡಿಸುತ್ತಲೇ ಬೆರಳು ಚಾಚಿದಳು.

"ಆ ಬಂಡೆ ಮೇಲೆ ನೀರುಕಾಗೆ ನೋಡು. ಒಂದು ರೆಕ್ಕೆ ಒಣಗಿಸ್ಕೊಳ್ತಾ ಇದೆ."

ತೇಗುನ್‌ಗೆ ಕಂಡದ್ದು ಬಂಡೆ ಮಾತ್ರ. ಕನ್ನಡಕ ಏರಿಸಿದಾಗ ಹಕ್ಕಿಯೂ ಕಂಡಿತು, ಬಿಚ್ಚಿದ ರೆಕ್ಕೆಯೂ ಕಂಡಿತು. ಕೈಯಲ್ಲಿದ್ದ ಅನ್ನವನ್ನು ಡಬ್ಬಿಗೆ ಮರಳಿಸಿದ. ಮುದಿಗಣ್ಣು ಮೊದಲು ಬಿಟ್ಟುಕೊಡುವುದು ಹತ್ತಿರದ್ದನ್ನು, ದೂರದ್ದನ್ನಲ್ಲ. ಫೋಟೋವನ್ನು ಅವಳು ದೂರ ಹಿಡಿದಾಗಲೇ ಅವನಿಗೆ ಇದು ಹೊಳೆಯಬೇಕಿತ್ತು.

"ಕ್ಯಾಪ್ಟನ್, ಹಕ್‌ಸೊಮ್‌ನ ಪಶ್ಚಿಮದಿಂದ ಬಳಸೋಣವಾ? ಆ ಕಡೆ ಬಂಡೆಗಳು ಚೆನ್ನಾಗಿವೆ."

"ಇವತ್ತು ಪಡುಗಾಳಿ ಸಾರ್, ಮುಖಕ್ಕೇ ಹೊಡೆಯುತ್ತೆ. ಓರೆಕೋರೆ ಹೋಗಿ ದಾಟೋ ಹೊತ್ತಿಗೆ ಅಜ್ಜಿಗೆ ಎಂಬತ್ತೊಂದಾಗಿರುತ್ತೆ."

"ಏನಣ್ಣ ನೀನು!" ಹೇರಾನ್ ನಕ್ಕಳು. "ಅಪ್ಪ ಇರೋದು ಪೂರ್ವಕ್ಕೆ. ಅದಕ್ಕೇ ತಾನೇ ದೋಣಿ ಗೊತ್ತುಮಾಡಿದ್ದು."

ಪೂರ್ವಕ್ಕೆ ತಿರುಗಿದ್ದೇ ಗುಡ್ಡ ಗಾಳಿಗೆ ಅಡ್ಡವಾಯಿತು. ಹಾಯಿ ಸಡಿಲವಾಗಿ, ದೋಣಿ ತೆವಳತೊಡಗಿತು. ಇಲ್ಲಾದರೂ ಬೇಗ ಸಾಗಬಾರದೇ ಎಂದು ತೇಗುನ್ ಹಲ್ಲು ಕಚ್ಚಿದ. ಅಮ್ಮ ಹಗ್ಗ ಹಿಡಿದು ಎದ್ದು ನಿಂತಳು.

"ಶಾಲೆ ಗೋಡೆ ಅಲ್ಲಿದೆ. ಬಾವಿಕಟ್ಟೆ ಅಲ್ಲಿದೆ. ಮರ ಎರಡೂ ಇವೆ. ಅವುಗಳ ನಡುವೆ..."

ನಡುವೆ ಆಳೆತ್ತರದ ಹುಲ್ಲು ಬೆಳೆದು, ಬೆಳ್ಳಗೆ ತೆನೆಬಿಟ್ಟು ತೂಗುತ್ತಿತ್ತು. ಬಳ್ಳಿಗಳು ಮರಗಳ ಸೊಂಟದವರೆಗೆ ಹಬ್ಬಿದ್ದವು. ದಿಬ್ಬ ಎಲ್ಲೂ ಇರಲಿಲ್ಲ.

ಅಮ್ಮ ತನ್ನ ಕಡೆ ತಿರುಗುತ್ತಾಳೆಂದು ತೇಗುನ್ ಕಾದ. ಅವಳು ತಿರುಗಲಿಲ್ಲ. ಎರಡೂ ಕಣ್ಣುಗಳನ್ನು ಉಜ್ಜಿಕೊಂಡಳು.

"ಹೇರಾನ್, ನನ್ನ ಕಣ್ಣು ಹೋಯ್ತು ಕಣೇ. ನಿಮ್ಮಪ್ಪ ಕಾಣ್ತಾನೇ ಇಲ್ಲ."

ಹೇರಾನ್ ಗುಡ್ಡ ನೋಡಿದಳು. ಆಮೇಲೆ ಅಣ್ಣನನ್ನು ನೋಡಿದಳು. ಅವಳ ಮುಖದ ನಗೆ ಇಳಿದುಹೋಯಿತು.

"ಮಗ ಇಷ್ಟು ಕಷ್ಟಪಟ್ಟು ಚೊಕ್ಕಟ ಮಾಡಿಟ್ಟಿದ್ದಾನೆ. ನೋಡೋ ಪುಣ್ಯ ನನಗಿಲ್ಲ," ಎಂದು ಅಮ್ಮ ಮತ್ತೆ ಕಣ್ಣುಜ್ಜಿದಳು.

ಅವನು ಸುಮ್ಮನಿದ್ದರೆ ಸಾಕಿತ್ತು. ದೋಣಿ ಮುಂದೆ ಹೋಗುತ್ತಿತ್ತು. ಅಮ್ಮ ಮಾತ್ರ ಬದುಕಿರುವ ತನಕ ಕಣ್ಣನ್ನೇ ಶಪಿಸಿಕೊಂಡಿರುತ್ತಿದ್ದಳು, ನೀರುಕಾಗೆಯ ರೆಕ್ಕೆ ಕಾಣುವ ಕಣ್ಣನ್ನು.

"ಅಮ್ಮ, ನಿನ್ನ ಕಣ್ಣು ಚೆನ್ನಾಗಿದೆ. ಹುಲ್ಲು ಬೆಳೆದಿದೆ. ನಾನು ಕೊಯ್ದಿಲ್ಲ."

"ಈ ವರ್ಷವಾ?"

"ನಾಲ್ಕು ಸಲ. ಆ ಫೋಟೋ ಹಳೇದು."

ಕ್ಯಾಪ್ಟನ್ ಯಾವುದೋ ಗಂಟು ಬಿಚ್ಚಿ, ಅದನ್ನೇ ಮತ್ತೆ ಹಾಕುತ್ತ ಕುಳಿತ. ಅಮ್ಮ ಮೆಲ್ಲಗೆ ಕುಳಿತಳು. ಚೀಲದೊಳಗಿಂದ ಸೋಜು ಮದ್ಯದ ಬಾಟಲಿ, ಕಾಗದದ ಲೋಟ ತೆಗೆದಳು. ಅಪ್ಪನಿಗೆಂದು ತಂದದ್ದು. ತೀರಿಕೊಂಡವರಿಗೆ ಲೋಟ ಅರ್ಪಿಸುವುದು ಮಗನ ಹಕ್ಕು; ಆ ರೂಢಿಯಂತೆ ತೇಗುನ್ ಮೊಣಕಾಲೂರಿ ಎರಡೂ ಕೈ ಚಾಚಿದ. ಲೋಟ ಅವನ ಕೈಗಳನ್ನು ದಾಟಿ ಹೋಯಿತು.

"ಹೇರಾನ್, ನೀನು ಹಿಡಿ."

"ಅಣ್ಣ ಇರುವಾಗ ನಾನು ಹ್ಯಾಗಮ್ಮ..."

"ಹಿಡಿ ಅಂದೆ." ಬಾಟಲಿಯನ್ನು ಮಗನ ಕಡೆ ಸರಿಸಿದಳು. "ನೀನು ಸುರಿ."

ಅವನು ಎರಡೂ ಕೈಯಲ್ಲಿ ಬಾಟಲಿ ಹಿಡಿದು ತಂಗಿಯ ಲೋಟಕ್ಕೆ ಸುರಿದ. ಅರ್ಧ ಅವಳ ಬೆರಳುಗಳ ಮೇಲೆ ಚೆಲ್ಲಿತು. ಹೇರಾನ್ ಗುಡ್ಡದತ್ತ ತಿರುಗಿ ತಲೆಬಾಗಿ, ಲೋಟವನ್ನು ನೀರಿಗೆ ಬಗ್ಗಿಸಿದಳು.

"ಅಪ್ಪನಿಗೆ ಏನು ಹೇಳ್ಲಿ?"

"ಮುಂದಿನ ವಾರ ಕುಡುಗೋಲು ತಗೊಂಡು ನೀನೇ ಬರ್ತೀಯ ಅಂತ ಹೇಳು."

"ನನ್ನನ್ನೂ ಕರ್ಕೊಂಡು ಹೋಗ್ಲಿ," ಎಂದ ತೇಗುನ್.

"ನನ್ನ ಹತ್ರ ಯಾಕೆ ಹೇಳ್ತೀಯ? ಅವಳನ್ನ ಕೇಳು," ಎಂದಳು ಅಮ್ಮ, ಗುಡ್ಡದಿಂದ ಕಣ್ಣು ಕೀಳದೆ.

ಹೇರಾನ್ ಅಣ್ಣನ ಕಡೆ ತಿರುಗಿದಳು. ಖಾಲಿ ಲೋಟವನ್ನು ಮತ್ತೆ ಮುಂದೆ ಹಿಡಿದಳು. ಅವನು ಸುರಿದ.