ದರ್ಜಿಯ ಟೇಪು, ಮಗಳ ಪುಸ್ತಕ

ಸೆಪ್ಟೆಂಬರ್ ಹನ್ನೆರಡು, ಶನಿವಾರ, ಬೆಳಿಗ್ಗೆ ಒಂಬತ್ತು ಗಂಟೆ ಹತ್ತು ನಿಮಿಷ. ದರ್ಜಿ ಒಂದು ಅಂಗಿಯ ಕಾಲರಿಗೆ ಎರಡನೆಯ ಹೊಲಿಗೆ ಹಾಕುತ್ತಿದ್ದ. ಮಗಳು ಬಂದು ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಒಂದು ನೋಟ್‌ಬುಕ್ ಇಟ್ಟಳು. ಅದರ ಮೇಲೊಂದು ಅಚ್ಚಾದ ಹಾಳೆ ಇಟ್ಟು, ಗಾಳಿಗೆ ಹಾರದಿರಲಿ ಎಂದು ಸೀಮೆಸುಣ್ಣದ ಡಬ್ಬಿ ಹೇರಿದಳು.

“ಅಪ್ಪ, ಇದರಲ್ಲಿ ನಾಲ್ಕು ಸಾಲು ಬರೆದು ಸಹಿ ಹಾಕ್ಬೇಕು. ಸಾಯಂಕಾಲ ಐದರೊಳಗೆ ಕ್ಲಬ್ಬಿಗೆ ಕೊಡ್ಬೇಕು.”

“ಏನು ಬರೀಲಿ?”

“ನೀನು ಕಂಡಿದ್ದನ್ನ ಬರಿ. ಪುಸ್ತಕ ಒಂದ್ಸಲ ನೋಡು. ನಾನು ಹುಲ್ಲಿಗೆ ಹೋಗಿ ಬರ್ತೀನಿ.”

ಅವರ ಊರಿನಲ್ಲಿ ಯುವ ರೈತರ ಕ್ಲಬ್ಬು ಒಂದಿದೆ. ಹದಿನಾಲ್ಕರಿಂದ ಇಪ್ಪತ್ತೊಂದು ವರ್ಷದವರು ಅದರ ಸದಸ್ಯರು. ಒಬ್ಬೊಬ್ಬರೂ ವರ್ಷಕ್ಕೊಂದು ಕೆಲಸ ಹಿಡಿಯುತ್ತಾರೆ. ಕೋಳಿ ಸಾಕುವವರಿದ್ದಾರೆ, ಗೊಬ್ಬರ ಮಾಡುವವರಿದ್ದಾರೆ, ತರಕಾರಿ ಮಡಿ ಹಾಕುವವರಿದ್ದಾರೆ. ಮಾಡಿದ್ದನ್ನು ಪುಸ್ತಕದಲ್ಲಿ ಬರೆದಿಡಬೇಕು. ವರ್ಷಕ್ಕೊಮ್ಮೆ ಒಬ್ಬ ಸದಸ್ಯರ ಕೆಲಸವನ್ನೂ, ವಯಸ್ಸು ಮೀರಿ ಕ್ಲಬ್ಬು ಬಿಟ್ಟ ಒಬ್ಬ ಹಳಬರ ಕೆಲಸವನ್ನೂ ಎಲ್ಲರ ಮುಂದೆ ಗುರುತಿಸುತ್ತಾರೆ. ಷರತ್ತು ಒಂದೇ. ತನ್ನ ಬಗ್ಗೆ ತಾನೇ ಬರೆದುಕೊಳ್ಳುವಂತಿಲ್ಲ. ಸದಸ್ಯರ ಬಗ್ಗೆ, ಕೆಲಸವನ್ನು ಕಣ್ಣಾರೆ ಕಂಡ ಮನೆಯ ಹಿರಿಯರು ಬರೆಯಬೇಕು. ಹಳಬರ ಬಗ್ಗೆ, ಅವರಿಂದ ಉಪಕಾರವಾದ ಯಾರು ಬೇಕಾದರೂ ಬರೆಯಬಹುದು. ಷರತ್ತೇನೋ ಒಳ್ಳೆಯದೇ. ಆದರೆ ಬರೆಯುವವರೇ ಸಿಗುವುದಿಲ್ಲ. ಸದಸ್ಯರು ಮೂವತ್ತೆರಡು ಮಂದಿ, ಹೋದ ವರ್ಷ ಬಂದ ಹಾಳೆ ಎರಡು. ಹಳಬರ ಬಗ್ಗೆ ಒಂದೂ ಬಂದಿರಲಿಲ್ಲ.

ಮಗಳಿಗೆ ಹದಿನೆಂಟು ವರ್ಷ. ಅವಳು ಹಿಡಿದ ಕೆಲಸ ಕರು ಸಾಕುವುದು. ಅಂಗಡಿಯ ಹಿಂದಿನ ಕೊಟ್ಟಿಗೆಯಲ್ಲಿ ನವೆಂಬರಿನ ಕೊನೆಯ ವಾರ ಹುಟ್ಟಿದ ಹೆಣ್ಣುಗರು ಅವಳದೇ ಜವಾಬ್ದಾರಿ. ಪ್ರತಿ ಭಾನುವಾರ ಬೆಳಿಗ್ಗೆ, ಮೇವು ಹಾಕುವ ಮೊದಲು, ಅಪ್ಪನ ಕೊರಳಿನ ಟೇಪು ಕಿತ್ತುಕೊಂಡು ಓಡುತ್ತಿದ್ದಳು. ಕರುವನ್ನು ಸಮನೆಲದ ಮೇಲೆ ನೆಟ್ಟಗೆ ನಿಲ್ಲಿಸಿ, ಮುಂಗಾಲುಗಳ ಹಿಂದೆ ಎದೆಯ ಸುತ್ತ ಟೇಪು ಹಿಡಿದು ಅಳೆಯುತ್ತಿದ್ದಳು. ಕ್ಲಬ್ಬಿನವರು ಅವಳಿಗೆ ‘ಟೇಪು’ ಎಂದೇ ಹೆಸರಿಟ್ಟಿದ್ದರು. ದರ್ಜಿಗೆ ಅದು ಅಷ್ಟಾಗಿ ಹಿಡಿಸಿರಲಿಲ್ಲ.

ಮೊದಲಿಗೆ ಅವನು ಪುಸ್ತಕವನ್ನು ಸುಮ್ಮನೆ ತಿರುವಿದ. ಒಂಬತ್ತನೆಯ ಪುಟದಲ್ಲಿ ಕಣ್ಣು ನಿಂತಿತು. ‘ಈ ವಾರ ಭೇದಿ, ಮೂರು ದಿನ. ಸುತ್ತಳತೆ ಅರ್ಧ ಸೆಂಟಿಮೀಟರ್ ಇಳಿದಿದೆ. ಕಾರಣ ನಾನೇ. ಹಾಲಿನ ಬಕೆಟ್ ತೊಳೆಯದೆ ಮತ್ತೆ ಬಳಸಿದೆ.’ ಆ ಮೂರು ದಿನ ಮಗಳು ಸರಿಯಾಗಿ ಊಟ ಮಾಡಿರಲಿಲ್ಲ ಎಂಬುದು ಅವನಿಗೆ ನೆನಪಿತ್ತು. ಕಾರಣ ಮಾತ್ರ ಈಗ ತಿಳಿಯಿತು. ಅಂಗಿಯನ್ನು ಪಕ್ಕಕ್ಕಿಟ್ಟು ಒಂದೊಂದೇ ಪುಟ ಓದತೊಡಗಿದ.

ಮೂವತ್ತೇಳನೆಯ ಪುಟಕ್ಕೆ ಬಂದಾಗ ಕಿವಿ ಬಿಸಿಯಾಯಿತು.

‘ಇವತ್ತು ಪಶು ಆಸ್ಪತ್ರೆಯ ಅಕ್ಕನ ಟೇಪಿನಲ್ಲಿ ಕರುವಿನ ಸುತ್ತಳತೆ 122. ಅಪ್ಪನ ಟೇಪಿನಲ್ಲಿ 120.2. ಯಾವುದು ಸರಿ ಎಂದು ತಿಳಿಯಲು ಎರಡನ್ನೂ ಜವಳಿ ಅಂಗಡಿಯ ಕಬ್ಬಿಣದ ಮೀಟರ್ ಕೋಲಿಗೆ ಹಿಡಿದು ನೋಡಿದೆ. ಅಪ್ಪನ ಟೇಪು ನೂರಕ್ಕೆ ಒಂದೂವರೆ ಸೆಂಟಿಮೀಟರ್ ಹಿಗ್ಗಿದೆ. ಅದಕ್ಕೇ ಕಡಿಮೆ ತೋರಿಸುತ್ತದೆ. ಹಿಂದಿನ ಅಂಕಿಗಳನ್ನು ಅಳಿಸಿಲ್ಲ. ಸರಿಪಡಿಸಿದ ಅಂಕಿ ಪಕ್ಕದಲ್ಲಿ ಬರೆದಿದ್ದೇನೆ.’

ದರ್ಜಿ ಟೇಪನ್ನು ಕೊರಳಿನಿಂದ ತೆಗೆದು ನೋಡಿದ. ಹನ್ನೊಂದು ವರ್ಷದ ಬಟ್ಟೆಯ ಟೇಪು. ದಿನದ ಕೆಲಸ ಮುಗಿದ ಮೇಲೆ ಅದರ ಒಂದು ತುದಿಯನ್ನು ದೊಡ್ಡ ಕತ್ತರಿಯ ಹಿಡಿಗೆ ಕಟ್ಟಿ, ಇನ್ನೊಂದು ತುದಿಯನ್ನು ಮೊಳೆಗೆ ಸಿಕ್ಕಿಸುವುದು ಅವನ ರೂಢಿ. ಎರಡೂ ಒಂದೇ ಕಡೆ ಸಿಗಲಿ ಎಂದು ಹಾಗೆ ಮಾಡುತ್ತಿದ್ದ. ಕತ್ತರಿಯ ಭಾರಕ್ಕೆ ಟೇಪು ಹಿಗ್ಗುತ್ತದೆ ಎಂದು ಹನ್ನೊಂದು ವರ್ಷದಲ್ಲಿ ಒಮ್ಮೆಯೂ ಹೊಳೆದಿರಲಿಲ್ಲ.

ಮಧ್ಯಾಹ್ನ ಮಗಳು ಹುಲ್ಲಿನ ಹೊರೆ ಇಳಿಸಿ ಬಂದಳು. ಹೆಂಡತಿಯೂ ಊಟಕ್ಕೆ ಕರೆಯಲು ಬಂದಳು. ದರ್ಜಿ ಪುಸ್ತಕ ಮುಚ್ಚಿ ಅದರ ಮೇಲೆ ಕೈ ಇಟ್ಟುಕೊಂಡು ಕೂತಿದ್ದ.

“ಜವಳಿ ಅಂಗಡಿಗೆ ಹೋಗಿ ಅಳೆದ್ಯಾ? ಆ ಅಂಗಡಿಯವನ ಮುಂದೇನೇ?”

“ಬೇರೆ ಎಲ್ಲೂ ಸರ್ಕಾರಿ ಮುದ್ರೆ ಇರೋ ಮೀಟರ್ ಕೋಲು ಇಲ್ಲಪ್ಪ.”

“ಅವನು ಏನಂದ?”

“ಏನೂ ಅನ್ನಲಿಲ್ಲ. ಕಾಫಿ ಕುಡೀತಿದ್ದ.”

“ಈ ಪುಸ್ತಕನ ಕ್ಲಬ್ಬಿನಲ್ಲಿ ಎಲ್ಲರಿಗೂ ಓದೋಕೆ ಇಡ್ತಾರಂತಲ್ಲ. ನಾಳೆ ಊರೆಲ್ಲ ಏನನ್ನುತ್ತೆ? ಟೈಲರ್ ಟೇಪೇ ಸುಳ್ಳು ಅನ್ನುತ್ತೆ. ಇದೊಂದು ಪುಟ ಬಿಟ್ಟು ಹೊಸ ಪುಸ್ತಕಕ್ಕೆ ಇಳಿಸ್ಕೋ. ಐದು ಗಂಟೆವರೆಗೂ ಟೈಮಿದೆ. ಈಗಲೇ ಸಹಿ ಹಾಕ್ತೀನಿ.”

ಮಗಳು ಮೇಜಿನ ಮೇಲಿದ್ದ ಹಾಳೆಯನ್ನು ಎತ್ತಿಕೊಂಡಳು. ಆಮೇಲೆ ಮೆಲ್ಲಗೆ ಹೇಳಿದಳು: “ಆ ಪುಟ ತೆಗೆದ್ರೆ ಮಿಕ್ಕ ನಲವತ್ತು ಪುಟ ಯಾಕಪ್ಪ ನಂಬಬೇಕು? ಹಾಗೆ ಮಾಡೋದಾದ್ರೆ ಸಹಿ ಬೇಡ. ಇರಲಿ ಬಿಡು.”

ಹಾಳೆಯನ್ನು ಮಡಚಿ ಪುಸ್ತಕದೊಳಗಿಟ್ಟು, ಪುಸ್ತಕ ಎತ್ತಿಕೊಂಡು ಕೊಟ್ಟಿಗೆಗೆ ಹೋದಳು. ಅತ್ತಿದ್ದರೆ ದರ್ಜಿ ಏನಾದರೂ ಹೇಳಿ ಸಮಾಧಾನ ಮಾಡುತ್ತಿದ್ದ. ಅವಳು ಅಳಲಿಲ್ಲ. ಅವನಿಗೆ ಊಟ ಸೇರಲಿಲ್ಲ.

“ಇಷ್ಟಕ್ಕೂ ಗುರುತಿಸಿ ಏನಾಗ್ಬೇಕು?” ಎಂದ ಹೆಂಡತಿಗೆ. “ಮಕ್ಕಳನ್ನ ಎಲ್ಲರೆದುರಿಗೆ ಹೊಗಳಿದ್ರೆ ತಲೆ ನಿಲ್ಲಲ್ಲ.”

“ನಿಮ್ಮ ತಲೆ ನಿಂತಿದೆಯಲ್ಲ, ಸಾಕು ಬಿಡಿ,” ಎಂದು ಅವಳು ತಟ್ಟೆ ಎತ್ತಿದಳು.

ಮೂರೂ ಇಪ್ಪತ್ತಕ್ಕೆ ಪಶು ಆಸ್ಪತ್ರೆಯ ಅಕ್ಕ ಬಂದಳು. ಮನೆಮನೆಗೆ ಹೋಗಿ ದನಗಳಿಗೆ ಲಸಿಕೆ ಹಾಕುವ ಅವಳನ್ನು ಊರೆಲ್ಲ ಸೂಜಿ ಅಕ್ಕ ಎನ್ನುತ್ತದೆ. ಅವಳೂ ಇದೇ ಊರಿನವಳು, ಹನ್ನೆರಡು ವರ್ಷದ ಹಿಂದೆ ಇದೇ ಕ್ಲಬ್ಬಿನ ಸದಸ್ಯೆ. ಕೆಲಸದ ಕೋಟಿನ ಜೇಬು ಹರಿದಿತ್ತು, ಹೊಲಿಸಲು ತಂದಿದ್ದಳು.

“ಏನು ಟೈಲರಣ್ಣ, ಮುಖ ಇಸ್ತ್ರಿ ಮಾಡದೆ ಹಾಗೇ ಬಿಟ್ಟಿದ್ದೀರಿ?”

“ನಿನ್ನ ಟೇಪಿನಿಂದಲೇ ಆಗಿದ್ದಮ್ಮ ಇದೆಲ್ಲ,” ಎಂದು ದರ್ಜಿ ನಡೆದದ್ದನ್ನೆಲ್ಲ ಹೇಳಿದ. ಹೇಳುತ್ತಾ ಹೇಳುತ್ತಾ ಜೇಬನ್ನೂ ಹೊಲಿದು ಮುಗಿಸಿದ. ಕೊನೆಗೆ ಅವಳು ಕೇಳಿದಳು:

“ಗಿರಾಕಿ ಮೈ ಅಳತೆ ಯಾವ ಟೇಪಲ್ಲಿ ತಗೋತೀರಿ?”

“ಇದರಲ್ಲೇ.”

“ಬಟ್ಟೆ ಯಾವುದರಲ್ಲಿ ಅಳೆದು ಕತ್ತರಿಸ್ತೀರಿ?”

“ಅದೂ ಇದರಲ್ಲೇ.”

“ಹಾಗಾದ್ರೆ ಅಂಗಿ ಸರಿಯಾಗೇ ಕೂರುತ್ತೆ. ಮೈಯಲ್ಲಿ ಎಷ್ಟು ತಪ್ಪಿದ್ರೋ ಬಟ್ಟೆಯಲ್ಲೂ ಅಷ್ಟೇ ತಪ್ಪಿದ್ರಿ. ಒಂದಕ್ಕೊಂದು ವಜಾ ಆಯ್ತು. ಬೇರೆಯವರು ಅಳೆದು ಬರೆದುಕೊಟ್ಟ ಅಳತೆಗೆ ಹೊಲಿದ್ರೆ ಮಾತ್ರ ವ್ಯತ್ಯಾಸ ಬರುತ್ತೆ, ಸ್ವಲ್ಪ ಸಡಿಲ ಆಗುತ್ತೆ.”

ಬಾಗಿಲಲ್ಲಿ ನಿಂತಿದ್ದ ಹೆಂಡತಿ ಸೆರಗನ್ನು ಬಾಯಿಗೆ ಅಡ್ಡ ಹಿಡಿದಳು. “ಶಾಲೆ ಸಮವಸ್ತ್ರ!” ಎಂದಳು. “ಪಟ್ಟಿ ಶಾಲೆಯಿಂದ ಬರುತ್ತಲ್ಲ. ಪ್ರತಿ ವರ್ಷ ಒಂದು ಬೆರಳು ಸಡಿಲ. ಮಕ್ಕಳ ತಾಯಂದಿರೋ, ಟೈಲರಣ್ಣ ಮುಂದಿನ ವರ್ಷಕ್ಕೂ ಆಗೋ ಹಾಗೆ ಯೋಚನೆ ಮಾಡಿ ಹೊಲೀತಾರೆ ಅಂತ ಹೊಗಳಿದ್ದೇ ಹೊಗಳಿದ್ದು. ಇವರೂ ಹೌದು ಹೌದು ಅಂತ ತಲೆ ಆಡಿಸಿದ್ದೇ ಆಡಿಸಿದ್ದು.”

ದರ್ಜಿಗೂ ನಗು ತಡೆಯಲಾಗಲಿಲ್ಲ. ನಕ್ಕ ಮೇಲೆ ಎದೆ ಸ್ವಲ್ಪ ಹಗುರಾಯಿತು.

ಸೂಜಿ ಅಕ್ಕ ಸ್ಟೂಲು ಎಳೆದುಕೊಂಡು ಕೂತಳು. “ಅಂಗಿಗೆ ಏನೂ ಆಗಲಿಲ್ಲ ಅಣ್ಣ, ಕರುವಿಗೆ ಆಗ್ತಿತ್ತು. ಸುತ್ತಳತೆ ನೋಡಿ ತೂಕ ಅಂದಾಜು ಮಾಡ್ತೀವಿ. ತೂಕ ನೋಡಿ ಜಂತುಹುಳದ ಔಷಧಿ ಕೊಡ್ತೀವಿ. ನಿಮ್ಮ ಟೇಪಿನ ಲೆಕ್ಕದಲ್ಲಿ ಅದರ ತೂಕ ಆರೇಳು ಕೆಜಿ ಕಡಿಮೆ ಬರ್ತಿತ್ತು, ಔಷಧಿನೂ ಕಡಿಮೆ ಬೀಳ್ತಿತ್ತು. ಎರಡು ಟೇಪು ಬೇರೆ ಬೇರೆ ಹೇಳಿದಾಗ ನಾವಾಗಿದ್ರೆ ಏನು ಮಾಡ್ತಿದ್ವಿ? ಒಂದನ್ನ ನಂಬಿ ಮುಂದಕ್ಕೆ ಹೋಗ್ತಿದ್ವಿ. ಇವಳು ಎರಡನ್ನೂ ಅನುಮಾನಿಸಿದಳು. ನನ್ನ ಟೇಪನ್ನೂ ಕೋಲಿಗೆ ಹಿಡಿದು ನೋಡಿದ್ದಾಳೆ, ಗೊತ್ತಾ? ನನ್ನ ಎದುರಿಗೇ.”

“ನಿನಗೆ ಬೇಜಾರಾಗಲಿಲ್ವಾ?”

“ಒಂದು ಗಳಿಗೆ ಆಯ್ತು. ಆಮೇಲೆ, ಇಂಥವಳೊಬ್ಬಳು ನಮ್ಮ ಆಸ್ಪತ್ರೇಲಿದ್ರೆ ಚೆನ್ನಾಗಿರ್ತಿತ್ತು ಅನ್ನಿಸ್ತು. ಈ ಪುಸ್ತಕದಲ್ಲಿ ದೊಡ್ಡ ಕೆಲಸ ಅಂತ ಇರೋದು ಆ ಒಂದು ಪುಟನೇ ಅಣ್ಣ. ಮಿಕ್ಕಿದ್ದನ್ನ ಬೇಕಾದಷ್ಟು ಜನ ಮಾಡ್ತಾರೆ.”

“ಹೊಗಳಿದ್ರೆ ತಲೆ ತಿರುಗಲ್ವಾ ಅಂತ ನನ್ನ ಯೋಚನೆ.”

“ನೀವು ಹೊಗಳೋದೇನೂ ಬೇಡ. ಬಂಗಾರ, ರತ್ನ ಅಂತೆಲ್ಲ ಬರೆಯೋರ ಹಾಳೆ ಯಾರೂ ಓದಲ್ಲ. ಏನು ಮಾಡಿದ್ಲು, ಎಷ್ಟು ದಿನ ಮಾಡಿದ್ಲು, ಅದರಿಂದ ಯಾರಿಗೆ ಏನಾಯ್ತು, ಇಷ್ಟು ಬರೀರಿ. ಮುಂದಿನ ವರ್ಷ ಕರು ಹಿಡಿಯೋರು ಅದನ್ನ ಓದಿ ಶುರು ಮಾಡ್ತಾರೆ. ಇವಳು ಮುಂದೆ ಪಶುಪಾಲನೆ ಓದೋಕೆ ಹೋದ್ರೆ ತೋರಿಸೋಕೆ ಕೈಯಲ್ಲಿ ಏನಾದ್ರೂ ಇರುತ್ತೆ.” ಸ್ವಲ್ಪ ತಡೆದು ಅವಳು ಮತ್ತೆ ಹೇಳಿದಳು: “ನಾನೂ ಎರಡು ವರ್ಷ ಕೋಳಿ ಮರಿ ಸಾಕಿ ಬರೆದಿದ್ದೆ. ಮನೇಲಿ ಯಾರೂ ಪುಸ್ತಕ ತೆಗೆದು ನೋಡಲಿಲ್ಲ. ನಾನೂ ಕೇಳಲಿಲ್ಲ. ಬೈದಿದ್ರೆ ಮರೀತಿದ್ನೋ ಏನೋ. ನೋಡಲೇ ಇಲ್ವಲ್ಲ, ಅದು ಇನ್ನೂ ನೆನಪಿದೆ.”

ದರ್ಜಿ, ಹೊಲಿದ ಜೇಬಿನ ದಾರ ಕತ್ತರಿಸಿ ಕೋಟನ್ನು ಅವಳಿಗೆ ಕೊಟ್ಟ. ಎದ್ದು ಕೊಟ್ಟಿಗೆಯ ಬಾಗಿಲಿಗೆ ಹೋದ. ಮಗಳು ಕರುವಿನ ನೀರಿನ ಬಕೆಟ್ ತಿಕ್ಕುತ್ತಿದ್ದಳು.

“ಆ ಹಾಳೆ ಕೊಡು.”

“ಯಾಕಪ್ಪ?”

“ಬರೀಬೇಕು. ಪುಟ ಎಲ್ಲಾ ಇರಲಿ. ಮೂವತ್ತೇಳೂ ಇರಲಿ.”

ಮಗಳು ಕೈ ಒರೆಸಿಕೊಂಡು ಪುಸ್ತಕ ತಂದುಕೊಟ್ಟಳು. ಅಪ್ಪನ ಮುಖವನ್ನು ಒಮ್ಮೆ ನೋಡಿ, ನಗು ಬಂದದ್ದು ಕಾಣದಿರಲಿ ಎಂದು ಮತ್ತೆ ಬಕೆಟ್ಟಿನ ಹತ್ತಿರ ಹೋದಳು.

ದರ್ಜಿ ಕತ್ತರಿಸುವ ಮೇಜಿನ ಮೇಲಿನ ಬಟ್ಟೆಗಳನ್ನೆಲ್ಲ ಸರಿಸಿ ಕೂತ. ಬಿಲ್ಲು ಬಿಟ್ಟು ಬೇರೇನನ್ನೂ ಬರೆದು ವರ್ಷಗಳೇ ಆಗಿದ್ದವು. ಎರಡು ಸಲ ಹೊಡೆದು ಹಾಕಿದ. ಕೊನೆಗೆ ನಿಂತದ್ದು ಇದು:

‘ನನ್ನ ಮಗಳು ನಲವತ್ತೊಂದು ಭಾನುವಾರ, ಒಂದೂ ತಪ್ಪದೆ, ಕರುವಿನ ಸುತ್ತಳತೆ ಅಳೆದಿದ್ದಾಳೆ. ನಾನು ಕಣ್ಣಾರೆ ಕಂಡಿದ್ದೇನೆ. ಕರುವಿಗೆ ಭೇದಿಯಾದಾಗ ತಪ್ಪು ತನ್ನದು ಎಂದು ಬರೆದಿದ್ದಾಳೆ. ನನ್ನ ಟೇಪು ಹಿಗ್ಗಿದ್ದನ್ನು ಕಂಡುಹಿಡಿದಿದ್ದಾಳೆ. ಹನ್ನೊಂದು ವರ್ಷ ದಿನವೂ ಅದನ್ನು ಹಿಡಿದ ನನಗೆ ಅದು ಗೊತ್ತಾಗಿರಲಿಲ್ಲ. ಟೇಪಿಗೆ ಕತ್ತರಿ ಕಟ್ಟಿ ನೇತು ಹಾಕಬಾರದು ಎಂದು ಎಲ್ಲರಿಗೂ ತಿಳಿಸುತ್ತೇನೆ. ಹೊಸ ಟೇಪು ತರುತ್ತೇನೆ.’

ಸಹಿ ಹಾಕಿ, ಪೆನ್ನು ಮುಚ್ಚದೆ, ಸೂಜಿ ಅಕ್ಕನ ಕಡೆ ತಿರುಗಿದ.

“ಹಳಬರ ಹಾಳೆ ಅಂತ ಇನ್ನೊಂದಿದೆಯಲ್ಲ, ಅದು ಎಲ್ಲಿ ಸಿಗುತ್ತೆ?”

“ಇದರ ಹಿಂಬದಿಯಲ್ಲೇ ಇದೆಯಲ್ಲ ಅಣ್ಣ. ಯಾರ ಬಗ್ಗೆ ಬರೀತೀರಿ?”

“ನೀನು ಆ ಕಡೆ ತಿರುಗಿ ಕೂತ್ಕೋ.”

ಅವಳಿಗೆ ಅರ್ಥವಾಗುವ ಹೊತ್ತಿಗೆ ದರ್ಜಿ ಎರಡು ಸಾಲು ಬರೆದಾಗಿತ್ತು. ಈ ಕರು ಹುಟ್ಟುವಾಗ ಕಾಲು ಅಡ್ಡ ಸಿಕ್ಕಿಕೊಂಡಿತ್ತು. ಅಂದು ಅವಳು ರಜೆಯಲ್ಲಿದ್ದರೂ ನಾಲ್ಕು ಮೈಲಿ ಸೈಕಲ್ಲು ತುಳಿದು ಬಂದು ಹಸುವನ್ನೂ ಕರುವನ್ನೂ ಉಳಿಸಿದ್ದಳು. ಅದನ್ನೇ ಬರೆದ. ‘ಇವಳು ನಮ್ಮ ಕ್ಲಬ್ಬಿನಲ್ಲೇ ಕಲಿತವಳು ಎಂದು ನಮ್ಮ ಮಕ್ಕಳಿಗೆ ಗೊತ್ತಾಗಬೇಕು’ ಎಂದು ಮುಗಿಸಿದ. ಅವಳು ಕೋಟಿನ ಹೊಸ ಹೊಲಿಗೆಯನ್ನೇ ನೋಡುತ್ತಾ ಕೂತಿದ್ದಳು. ಬೇಡ ಎನ್ನಲಿಲ್ಲ.

ಐದಕ್ಕೆ ಹತ್ತು ನಿಮಿಷ ಇರುವಾಗ ಹಾಳೆ ಕ್ಲಬ್ಬು ಸೇರಿತು. ಮುಂದಿನ ತಿಂಗಳ ಸಭೆಯಲ್ಲಿ ಆ ಎರಡೂ ಬರಹಗಳನ್ನು ಗಟ್ಟಿಯಾಗಿ ಓದಿದರು. ಆಮೇಲಿನ ಭಾನುವಾರ ಆರು ಮಂದಿ ಸದಸ್ಯರು ತಂತಮ್ಮ ಮನೆಯ ಟೇಪು ಹಿಡಿದು ಜವಳಿ ಅಂಗಡಿಯ ಮುಂದೆ ನಿಂತಿದ್ದರು. ಆರರಲ್ಲಿ ಎರಡು ಟೇಪು ತಪ್ಪು ತೋರಿಸಿದವು. ದರ್ಜಿಯ ಅಂಗಡಿಗೆ ಬರುವ ಗಿರಾಕಿ ಒಬ್ಬರೂ ಕಡಿಮೆಯಾಗಲಿಲ್ಲ.

ಓದುವ ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯಲ್ಲೂ ಒಂದು ಪುಸ್ತಕ ಇರಬಹುದು. ಅಟ್ಟದ ಮೇಲೋ, ಶಾಲೆಯ ಚೀಲದಲ್ಲೋ, ಗೊಬ್ಬರದ ಗುಂಡಿಯ ಪಕ್ಕದ ಗೂಡಿನಲ್ಲೋ. ಇವತ್ತೇ ಕೇಳಿ, ತೆಗೆದು ಓದಿ. ತಪ್ಪು ಬರೆದ ಪುಟ ಸಿಕ್ಕರೆ ಅದನ್ನು ಇನ್ನೊಮ್ಮೆ ಓದಿ. ನಿಮ್ಮ ಊರಿನ ಕ್ಲಬ್ಬಿನಲ್ಲಿ ಕಲಿತು ಇಂದು ನಿಮ್ಮ ದನ, ಗಿಡ, ಪಂಪು, ಹೊಲ ನೋಡಿಕೊಳ್ಳುವ ಹಳಬರೂ ಇದ್ದಾರೆ. ಅವರು ತಾವಾಗಿ ಕೇಳುವುದಿಲ್ಲ. ಒಬ್ಬ ಕಿರಿಯರ ಬಗ್ಗೆ, ಒಬ್ಬ ಹಳಬರ ಬಗ್ಗೆ, ನೀವು ಕಂಡದ್ದನ್ನು ಕಂಡಷ್ಟೇ ಬರೆದು ಕ್ಲಬ್ಬಿಗೆ ಕೊಡಿ. ಬರೆಯಲು ಬಾರದಿದ್ದರೆ ಹೇಳಿ ಬರೆಸಿ, ಹೆಬ್ಬೆಟ್ಟು ಒತ್ತಿದರೂ ನಡೆಯುತ್ತದೆ. ಹೊತ್ತಿಲ್ಲ ಎನ್ನಬೇಡಿ. ಹೊಡೆದು ಹಾಕಿದ ಸಾಲುಗಳೂ ಸೇರಿ, ಹಾಳೆಯ ಎರಡೂ ಬದಿ ಬರೆದು ಮುಗಿಸಲು ದರ್ಜಿಗೆ ಹಿಡಿದದ್ದು ಮೂವತ್ತನಾಲ್ಕು ನಿಮಿಷ.