ಅರಳದ ಗುಂಡು

ಒಂದು ಸಣ್ಣ ಚಿಂತೆಯನ್ನು ಹತ್ತು ದಿನ ನನ್ನೊಳಗೇ ಇಟ್ಟುಕೊಂಡಿದ್ದೆ. ಡೈರಿಯಲ್ಲೂ ಅರ್ಧ ಸಾಲು ಬರೆದು ಹೊಡೆದುಹಾಕಿದ್ದೆ. ಅಜ್ಜ ಬೇಟೆಗೆಂದು ರೈಫಲಿನ ತೋಟಾ ತುಂಬಲು ಕೂತವನು ಗುಂಡಿನ ಡಬ್ಬಿಯ ಮೇಲಿನ ಚೀಟಿ ಓದಲಿಲ್ಲ. ಕಪಾಟಿನ ಅಂಚಿನಿಂದ ಒಂದು, ಎರಡು, ಮೂರು ಎಂದು ಬೆರಳಲ್ಲಿ ತಡವಿ ಮೂರನೆಯದನ್ನು ತೆಗೆದ. ಅಷ್ಟೇ. ಎಂಬತ್ತೊಂದು ವರ್ಷದವನು, ನಲವತ್ತು ವರ್ಷದಿಂದ ಅದೇ ಕಪಾಟು, ಓದುವ ಅಗತ್ಯವಾದರೂ ಏನು ಎಂದು ನನಗೆ ನಾನೇ ಹೇಳಿಕೊಂಡೆ. ಹೇಳಿಕೊಂಡು ಸುಮ್ಮನಾಗುವುದು ನನಗೆ ಚೆನ್ನಾಗಿ ಬರುತ್ತದೆ.

ನಮ್ಮ ಬೇಟೆಯ ಬಿಡಾರ ಕೆನಡಾ ಗಡಿಯ ಸುಪೀರಿಯರ್ ಸರೋವರದಿಂದ ಆರು ಮೈಲಿ ಒಳಗೆ, ಸೀಡರ್ ಮರಗಳ ಜೌಗಿನ ಅಂಚಿನಲ್ಲಿದೆ. ನವೆಂಬರ್ ಹದಿನೈದಕ್ಕೆ ಜಿಂಕೆಯ ಕಾಲ ಶುರು. ಈ ಸಲ ನಾಲ್ಕೇ ಜನ: ಅಜ್ಜ ವೈನೋ, ಚಿಕ್ಕಪ್ಪ ಆರ್ವಿಡ್, ಅವನ ಹೆಂಡತಿ ಹೆಲ್ಮಿ ಚಿಕ್ಕಮ್ಮ, ಮತ್ತು ನಾನು. ಎಲ್ಲರ ರೈಫಲ್ಲೂ ಒಂದೇ ಅಳತೆಯದು. ಅಂಗಡಿಯ ತೋಟಾ ಬಿಡಾರದೊಳಗೆ ಬರುವಂತಿಲ್ಲ, ಅಜ್ಜನೇ ತುಂಬಬೇಕು. ಹಿತ್ತಾಳೆಯ ಖಾಲಿ ಚಿಪ್ಪು, ತಳಕ್ಕೆ ಕಿಡಿ ಹೊತ್ತಿಸುವ ಕೇಪು, ಒಳಗೆ ತೂಗಿದ ಮದ್ದು, ಮೇಲೆ ಗುಂಡು.

"ನನ್ನ ಗುಂಡು ತಿಂದ ಜಿಂಕೆ ಐವತ್ತು ಹೆಜ್ಜೆ ದಾಟಲ್ಲ" ಅನ್ನುವುದು ಅವನ ಮಾತು. ದಾಟಿದರೆ ತಪ್ಪು ಹೊಡೆದವರದ್ದು. ಅಂಥವರ ಅಂಗಿಯ ಹಿಂದಿನ ತುದಿಯನ್ನು ಅಜ್ಜ ಕತ್ತರಿಸಿ, ಹೆಸರು, ಇಸವಿ ಬರೆದು ಒಲೆಯ ಮೇಲಿನ ಗೋಡೆಗೆ ಮೊಳೆ ಹೊಡೆಯುತ್ತಾನೆ. ಗೋಡೆಯಲ್ಲಿ ಚಿಕ್ಕಪ್ಪನ ತುಂಡುಗಳೇ ಏಳಿವೆ.

ಮೊದಲ ದಿನದ ಬೆಳಗು ಹಾಲಿನೊಳಗೆ ಕೂತ ಹಾಗಿತ್ತು. ಮಂಜು ಎಲ್ಲಿ ಮುಗಿದು ಹಿಮ ಎಲ್ಲಿ ಶುರುವಾಗುತ್ತದೆಂದು ತಿಳಿಯುತ್ತಿರಲಿಲ್ಲ. ನನ್ನ ಕೈಯೇ ದೂರದಲ್ಲಿ ಯಾರದ್ದೋ ಕೈಯ ಹಾಗೆ ಕಾಣುತ್ತಿತ್ತು. ಜಿಂಕೆ ಬಂದದ್ದನ್ನು ನಾನು ನೋಡಲಿಲ್ಲ. ಅದು ಮೊದಲೇ ಅಲ್ಲಿ ನಿಂತಿತ್ತು, ಮಂಜು ಮಾತ್ರ ಅದರ ಮೇಲಿನಿಂದ ಸರಿಯಿತು. ಎಂಟು ಕವಲಿನ ಕೊಂಬಿನ ಗಂಡು. ಅರ್ಧ ಉಸಿರು ಬಿಟ್ಟು, ಮುಂಗಾಲಿನ ಹಿಂದಕ್ಕೆ ಗುರಿಯಿಟ್ಟು ಟ್ರಿಗರ್ ಒತ್ತಿದೆ. ಸದ್ದು ನನಗೆ ಕೇಳಿಸಲೇ ಇಲ್ಲ. ಜಿಂಕೆ, ಯಾರೋ ಹೆಸರು ಹಿಡಿದು ಕರೆದಂತೆ ತಲೆಯೆತ್ತಿ ನೋಡಿತು, ಆಮೇಲೆ ಓಡಿತು.

ನಾಲ್ಕು ತಾಸು ಹುಡುಕಿದೆವು. ಹಿಮದ ಮೇಲೆ ಒಂದು ಹನಿ ರಕ್ತ, ಇಪ್ಪತ್ತು ಹೆಜ್ಜೆಗೆ ಇನ್ನೊಂದು, ಆಮೇಲೆ ಅದೂ ಇಲ್ಲ. ಅಜ್ಜನನ್ನು ಬಿಡಾರದಲ್ಲೇ ಬಿಟ್ಟು ಉಳಿದ ಮೂವರೂ ಬೇರೆ ಬೇರೆ ದಿಕ್ಕಿಗೆ ಹೋದೆವು. ಕೊನೆಗೆ ತೊರೆಯಾಚೆ ಕಂಡದ್ದು ನನಗೇ. ನಿದ್ದೆ ಹೋದಂತೆ ಮಲಗಿತ್ತು, ತೆರೆದ ಕಣ್ಣಿನ ಮೇಲೆ ಹಿಮದ ಹಳಕು ಬಿದ್ದು ಕರಗದೆ ಉಳಿದಿತ್ತು. ಅಷ್ಟು ಹೊತ್ತು ಅದು ಎಲ್ಲೆಲ್ಲಿ ನಿಂತು ಉಸಿರಿಗೆ ಒದ್ದಾಡಿತೋ. ನಾನು ಅದರ ಪಕ್ಕ ಮಂಡಿಯೂರಿ ಕ್ಷಮೆ ಕೇಳಿದೆ, ಮನಸ್ಸಿನಲ್ಲೇ.

ಹೊಡೆದವರೇ ಒಡಲು ಬಗೆಯಬೇಕು. ಬಗೆದೆ. ಶ್ವಾಸಕೋಶ ಎರಡರಲ್ಲೂ ಪೆನ್ಸಿಲ್ ತೂರಿಸಿ ತೆಗೆದಂಥ ಸಣ್ಣ ದಾರಿ. ಅಜ್ಜನ ಗುಂಡು ಒಳಗೆ ಹೋಗಿ ಹೂವಿನಂತೆ ಅರಳಬೇಕು; ಹೊರಬಿದ್ದ ಕಡೆ ಹೆಬ್ಬೆರಳು ಇಳಿಯುವಷ್ಟು ತೂತಾಗಬೇಕು. ಇಲ್ಲಿ ಹೊಕ್ಕ ತೂತಿಗೂ ಹೊರಟ ತೂತಿಗೂ ವ್ಯತ್ಯಾಸವೇ ಇರಲಿಲ್ಲ. ಗುಂಡು ಅರಳಿರಲಿಲ್ಲ.

ಬಿಡಾರದ ಮುಂದೆ ಜಿಂಕೆಯನ್ನು ಅಡ್ಡಗಂಬಕ್ಕೆ ತೂಗುಹಾಕಿದಾಗ ಚಿಕ್ಕಪ್ಪನಿಗೆ ಹಬ್ಬ.

"ಏನಮ್ಮಾ ಸೆನ್ಯಾ, ನಿನ್ನ ಕಾಲೇಜಿನ ಡಿಗ್ರಿ ಸರ್ಟಿಫಿಕೇಟ್ ತೋರಿಸಿಬಿಟ್ಯಾ ಅದಕ್ಕೆ? ಹೆದರ್ಕೊಂಡು ತೊರೆ ದಾಟ್ಬಿಡ್ತು!"

"ನೀವು ಸುಮ್ನಿರ್ರೀ" ಎಂದಳು ಹೆಲ್ಮಿ ಚಿಕ್ಕಮ್ಮ. "ನಿಮ್ಮ ಅಂಗಿಯ ಏಳು ಬಾಲ ಒಲೆ ಮೇಲೆ ಒಣಗ್ತಾ ಇವೆ, ಅದನ್ನ ನೋಡ್ಕೊಳ್ಳಿ."

"ಅದಕ್ಕೇ ಹೇಳೋದು, ನನ್ನ ಏಳಕ್ಕೆ ಜೊತೆ ಸಿಕ್ತು ಅಂತ! ತರ್ತೀನಿ ಇರು ಕತ್ತರಿ." ಅವನು ಒಳಗೆ ಓಡಿದ. ಚಿಕ್ಕಮ್ಮ ಉಕ್ಕುತ್ತಿದ್ದ ಕಾಫಿಯ ಕಡೆಗೆ ಹೋದಳು.

ಅಜ್ಜ ಹತ್ತಿರ ಬಂದು ಜಿಂಕೆಯ ಪಕ್ಕೆಯ ಮೇಲೆ ಬೆರಳಿಟ್ಟ. "ನೋಡು ಪುಟ್ಟಿ, ಹಿಂದಕ್ಕೆ ಬಿದ್ದಿದೆ ಗುಂಡು. ಟ್ರಿಗರ್ ಜಗ್ಗಿಬಿಟ್ಟಿದೀಯ. ಹೋಗ್ಲಿ ಬಿಡು, ಎಲ್ರಿಗೂ ಆಗತ್ತೆ."

ಅವನ ಬೆರಳು ಇದ್ದದ್ದು ಒಣಗಿದ ಕೆಸರಿನ ಮೇಲೆ. ತೂತು ಅಲ್ಲಿಂದ ಒಂದು ಗೇಣು ಮುಂದಿತ್ತು.

ಅಜ್ಜ ಬೆರಳು ಒರೆಸಿಕೊಂಡು, "ನಿನ್ನ ಚಿಕ್ಕಮ್ಮಂಗೆ ನಾಳೆಗೆ ಮೂರೇ ತೋಟಾ ಉಳಿದಿರೋದು. ಊಟ ಆದ್ಮೇಲೆ ಕೂತು ತುಂಬ್ತೀನಿ" ಎಂದ. ನಾನು ಕೈ ತೊಳೆಯುವ ನೆಪದಲ್ಲಿ ತೋಟಾ ತುಂಬುವ ಕೋಣೆಗೆ ಹೋದೆ.

ಕಪಾಟಿನ ಮೂರನೆಯ ಡಬ್ಬಿ ಕೆಳಗಿಳಿಸಿ ಓದಿದೆ. ಕುದುರೆಯಷ್ಟು ದೊಡ್ಡದಿರುವ ಮೂಸ್ ಬೇಟೆಗೆ ಮಾಡಿದ ಗುಂಡುಗಳು, ದಪ್ಪ ತಾಮ್ರ ಹೊದ್ದವು. ದೊಡ್ಡ ಎಲುಬಿಗೆ ಬಡಿದರೆ ಮಾತ್ರ ಅರಳುವಂಥವು. ಅಜ್ಜನ ತಮ್ಮ ಎಂದೋ ಕೆನಡಾಕ್ಕೆ ಒಯ್ದು ಉಳಿಸಿದ್ದು. ಜಿಂಕೆಯ ಗುಂಡಿನ ಡಬ್ಬಿ ಎರಡನೆಯ ಜಾಗದಲ್ಲಿತ್ತು, ಅದರ ಅಂಟುಪಟ್ಟಿಯನ್ನೂ ಯಾರೂ ಬಿಚ್ಚಿರಲಿಲ್ಲ.

ನನ್ನ ಕೆಲಸವೇ ಅದು. ಅಕ್ಟೋಬರಿನಲ್ಲಿ ಕಪಾಟು ಒರೆಸಿ, ಚೀಟಿಗಳೆಲ್ಲ ಮುಂದೆ ಕಾಣುವ ಹಾಗೆ ಜೋಡಿಸಿಟ್ಟು, ಅಜ್ಜನಿಗೆ ಓದಲು ಸುಲಭವಾಯಿತೆಂದು ಖುಷಿಪಟ್ಟಿದ್ದೆ.

ಹಾಗಾದರೆ ಹಳೆಯ ಕ್ರಮಕ್ಕೇ ಇಟ್ಟುಬಿಟ್ಟರಾಯಿತು. ಯಾರಿಗೂ ತಿಳಿಯುವುದಿಲ್ಲ, ಅಜ್ಜನ ಮಾನವೂ ಉಳಿಯುತ್ತದೆ. ನನ್ನದೊಂದು ಅಂಗಿಯ ತುದಿ ಹೋದರೆ ಹೋಗಲಿ. ಗುಂಡಿನ ಡಬ್ಬಿಗಳನ್ನು ಅದಲುಬದಲು ಮಾಡಿದೆ. ಎಷ್ಟು ಹಗುರವಾಯಿತೆಂದರೆ, ಹಾಡು ಗುನುಗುವಷ್ಟು. ಆಮೇಲೆ ಕೆಳಗಿನ ಸಾಲು ಕಂಡಿತು.

ಅಲ್ಲಿ ಮದ್ದಿನ ಡಬ್ಬಿಗಳು, ಒಂದೇ ಎತ್ತರ, ಒಂದೇ ಕಪ್ಪು. ಅವನ್ನೂ ಒರೆಸಿದ್ದೆ. ಒಂದು ರೈಫಲಿನದು. ಇನ್ನೊಂದು ಹಕ್ಕಿ ಹೊಡೆಯುವ ಚರೆಯ ಬಂದೂಕಿನದು, ಭಗ್ಗನೆ ಉರಿಯುವುದು. ಅದನ್ನು ರೈಫಲಿನ ತೋಟಾಕ್ಕೆ ತುಂಬಿದರೆ ಗುಂಡು ಹಾರುವ ಮೊದಲೇ ರೈಫಲ್ ಕೈಯಲ್ಲೇ ಸಿಡಿಯಬಹುದು. ಹತ್ತು ದಿನದ ಹಿಂದೆ ಅಜ್ಜ ತೆಗೆದದ್ದು ಸರಿಯಾದದ್ದೇ, ನನ್ನ ಮುಖ ಇನ್ನೂ ಮುಖವಾಗಿದೆ. ಅದು ಬರೀ ಅದೃಷ್ಟವೋ, ಹಳೆಯ ಕ್ರಮವೇ ಉಳಿದಿತ್ತೋ? ಮೊದಲು ಯಾವುದು ಎಡಕ್ಕಿತ್ತು? ಕಣ್ಣು ಮುಚ್ಚಿ ನೆನಪಿಸಿಕೊಂಡೆ. ಮುಚ್ಚಿದ ಕಣ್ಣೊಳಗೆ ಬೆಳಗಿನ ಮಂಜೇ ತುಂಬಿತ್ತು, ಅದರಲ್ಲಿ ಡಬ್ಬಿಗಳು ಜಾಗ ಬದಲಿಸುತ್ತ ತೇಲುತ್ತಿದ್ದವು. ನಾಳೆ ಬೆಳಿಗ್ಗೆ ರೈಫಲಿಗೆ ಕೆನ್ನೆಯೊತ್ತಿ ಕೂರುವವಳು ಹೆಲ್ಮಿ ಚಿಕ್ಕಮ್ಮ.

"ಬಾರೇ ಪುಟ್ಟಿ, ಕತ್ತರಿ ತುಕ್ಕು ಹಿಡೀತಾ ಇದೆ!" ಚಿಕ್ಕಪ್ಪ ಕೂಗಿದ.

ಒಳಗೆ ಕಾಫಿಯ ಹಬೆ, ಏಲಕ್ಕಿ ರೊಟ್ಟಿಯ ಘಮ, ಒಲೆಯ ಬಿಸಿಗೆ ಗೋಡೆಯ ಮೇಲಿನ ತುಂಡುಗಳೆಲ್ಲ ಮೆಲ್ಲಗೆ ಉಸಿರಾಡುತ್ತಿದ್ದವು. ನಾನು ಬೆನ್ನು ತಿರುಗಿಸಿ ನಿಂತೆ. ಅಜ್ಜನ ಕೈ ನನ್ನ ಸೊಂಟದ ಹತ್ತಿರ ತಡವಿತು, ಏನನ್ನೋ ಹಿಡಿಯಿತು. ಕತ್ತರಿ ತೆರೆದ ಸದ್ದು. ಅವನು ಹಿಡಿದದ್ದು ನನ್ನ ಜಡೆಯ ತುದಿ.

"ಅಯ್ಯೋ ಅಪ್ಪಾ, ಅಂಗಿ ಸಾಲ್ದು ಅಂತ ಜಡೇನೂ ಬೇಕಾ!" ಚಿಕ್ಕಪ್ಪ ಬಿದ್ದು ಬಿದ್ದು ನಕ್ಕ. ಚಿಕ್ಕಮ್ಮನೂ ನಕ್ಕಳು. ತಮಾಷೆ ಮಾಡಿದವನ ಹಾಗೆ ಅಜ್ಜನೂ ನಕ್ಕ. ಆದರೆ ಅವನ ಬೆರಳುಗಳು ಜಡೆಯನ್ನು ಬಿಡದೆ, ಅದರ ಹೆಣಿಗೆಯನ್ನು ತಡವಿ ನೋಡುತ್ತಿದ್ದವು.

ನಾನು ತಿರುಗಿ ಅವನ ಕೈಯನ್ನು, ಕತ್ತರಿಯ ಸಮೇತ, ನನ್ನ ಎರಡೂ ಕೈಯಲ್ಲಿ ಹಿಡಿದೆ. ಅವನು ನನ್ನ ಮುಖದಿಂದ ಸ್ವಲ್ಪ ಪಕ್ಕಕ್ಕೆ ನೋಡುತ್ತಿದ್ದ. ನನ್ನ ದನಿ ಇಷ್ಟು ದೊಡ್ಡದೆಂದು ನನಗೇ ಗೊತ್ತಿರಲಿಲ್ಲ.

"ಅಜ್ಜಾ, ಇವತ್ತು ತೋಟಾ ತುಂಬಬೇಡ. ನಿನಗೆ ಕಣ್ಣು ಕಾಣ್ತಿಲ್ಲ."