ಆಪರೇಟರ್ ಕುರ್ಚಿ

"ಇದ್ರಾಗ ಹೊಟ್ಟು ತಾನ ಬೀಳತೈತಾ, ಸಣ್ಣ ಸಾವ್ಕಾರ್ರ?"

ಸೊಂಟದ ಮೇಲಿನ ಪುಟ್ಟಿಯನ್ನು ಕೆಳಗಿಳಿಸದೆಯೇ ಈರಮ್ಮ ಕೇಳಿದಳು. ಬಾಯ್ಲರ್ ಮನೆಯಲ್ಲಿ ಹೊಸ ಫೀಡರ್ ನಿಂತಿತ್ತು. ಮೇಲೆ ಆಳೆತ್ತರದ ತಗಡಿನ ಡಬ್ಬ, ಅದರ ಬುಡದಿಂದ ಒಲೆಯ ಬಾಯಿಗೆ ಚಾಚಿದ ದಪ್ಪ ಕೊಳವೆ, ಕೊಳವೆಯೊಳಗೆ ತಿರುಪಿನ ಹಾಗೆ ಸುತ್ತು ಸುತ್ತಾದ ಕಬ್ಬಿಣದ ಸರಳು, ಪಕ್ಕದಲ್ಲೊಂದು ಮೋಟರು. ಗಿರಣಿಯಲ್ಲಿ ಭತ್ತದಿಂದ ಬೇರ್ಪಟ್ಟ ಹೊಟ್ಟು ಹಾರಿಬಂದು ಡಬ್ಬಕ್ಕೆ ಬೀಳುತ್ತಿತ್ತು. ಸರಳು ತಿರುಗಿದಂತೆಲ್ಲ ಅದು ಮುಂದೆ ಸರಿದು ಬೆಂಕಿಗೆ ಹೋಗುತ್ತಿತ್ತು.

"ತಾನ ಬೀಳತೈತಿ," ಎಂದ ಅಮರೇಶ್, ಮಿಲ್ಲಿನ ಮಾಲೀಕ ಕೊಟ್ರಬಸಪ್ಪನ ಮಗ. ಫೀಡರ್ ತರಿಸಬೇಕೆಂದು ಅಪ್ಪನ ಬೆನ್ನು ಹತ್ತಿದವನೂ ಅವನೇ. "ಈ ಗುಂಡಿ ಇತ್ಲಾಗ ತಿರುವಿದ್ರ ಜಾಸ್ತಿ, ಅತ್ಲಾಗ ತಿರುವಿದ್ರ ಕಡಿಮಿ. ಕಿಂಡ್ಯಾಗ ಉರಿ ನೋಡ್ಕೊಂತ, ಪ್ರೆಷರ್ ಮುಳ್ಳು ನೋಡ್ಕೊಂತ ಕುಂತ್ರ ಆತು."

"ಕುಂತ್ರ ಆತಾ?"

ಈರಮ್ಮನಿಗೆ ನಗು ತಡೆಯಲಾಗಲಿಲ್ಲ. ಯಂತ್ರದ ಜೊತೆಗೇ ಲಗೇಜ್ ಆಟೋದಿಂದ ಇಳಿದ ನೀಲಿ ಕುರ್ಚಿಯೊಂದು ಗೋಡೆಗೆ ಒರಗಿತ್ತು. ಬಳ್ಳಾರಿಯ ಬ್ರೂಸ್‌ಪೇಟೆಯ ಅಂಗಡಿಯವರು ಸುತ್ತಿದ ಪ್ಲಾಸ್ಟಿಕ್ ಹಾಳೆ ಇನ್ನೂ ಬಿಚ್ಚಿರಲಿಲ್ಲ. ಕೈ ಇಟ್ಟುಕೊಳ್ಳಲು ಎರಡೂ ಕಡೆ ತೋಳಿದ್ದ ಕುರ್ಚಿ.

"ಹಲ್ಲು ಇದ್ದಾಗ ಕಡ್ಲಿ ಇಲ್ಲ, ಕಡ್ಲಿ ಬಂದಾಗ ಹಲ್ಲಿಲ್ಲ ಅಂತಾರ. ನನಗಿನ್ನೂ ಹಲ್ಲು ಅದಾವ ಬಿಡ್ರಿ," ಎನ್ನುತ್ತ ಪುಟ್ಟಿ ಇಳಿಸಿ, ಸೆರಗಿನಿಂದ ಮುಖ ಒರೆಸಿಕೊಂಡು, ಅವಳು ಕುರ್ಚಿಯ ಕಡೆ ಹೊರಟಳು.

"ಏ ಈರಮ್ಮ." ಬಾಗಿಲಲ್ಲಿ ಕೊಟ್ರಬಸಪ್ಪ ನಿಂತಿದ್ದ. "ಅದು ಆಪರೇಟರ್ ಕುರ್ಚಿ."

"ಆಪರೇಟರ್ ಅಂದ್ರ ಯಾರ್ರಿ? ಈ ಒಲಿಗೆ ಹೊಟ್ಟು ಹಾಕಾಕಿ ನಾನ ಅಲ್ರೀ?"

ಕೊಟ್ರಬಸಪ್ಪ ಸಿಟ್ಟಾಗಲಿಲ್ಲ. ಕೂಸಿಗೆ ತಿಳಿಹೇಳುವವನ ಹಾಗೆ ನಕ್ಕ. "ನೀ ಹೊಟ್ಟು ಹಾಕಾಕಿ. ಆಪರೇಟರ್ ಕುರುಗೋಡಿನಿಂದ ಬರ್ತಾನ. ನಮ್ಮಾಕಿ ಅಣ್ಣನ ಮಗ, ಜಂಬುನಾಥ ಅಂತ. ನೀನೂ ಊರಮ್ಮನೂ ಇನ್ನ ಮ್ಯಾಲೆ ಅಂಗಳದಾಗ ಭತ್ತ ಹರವ್ರಿ. ಬೆಂಕಿ ಕಾಟನೂ ತಪ್ಪತೈತಿ."

ಈರಮ್ಮ ಅಮರೇಶನ ಮುಖ ನೋಡಿದಳು. ಅವನು ಮೋಟರಿನ ಬೋಲ್ಟು ಬಿಗಿಯಾಗಿದೆಯೋ ಇಲ್ಲವೋ ಎಂದು ಬಗ್ಗಿ ನೋಡತೊಡಗಿದ. ಒಳ್ಳೆಯ ಹುಡುಗ, ಆದರೆ ಮಾತೆಲ್ಲ ಅಡ್ಡಗೋಡೆಯ ಮೇಲೆ ದೀಪ ಇಟ್ಟಂತೆ.

ಸಿರುಗುಪ್ಪದ ಆ ಮಿಲ್ಲಿನಲ್ಲಿ ಭತ್ತ ನೆನೆಸಿ, ಹಬೆಯಲ್ಲಿ ಬೇಯಿಸಿ, ಒಣಗಿಸಿ ಅಕ್ಕಿ ಮಾಡುತ್ತಾರೆ. ಹಬೆಗೆ ಬಾಯ್ಲರು, ಬಾಯ್ಲರಿಗೆ ಬೆಂಕಿ, ಬೆಂಕಿಗೆ ಹೊಟ್ಟು. ಆ ಹೊಟ್ಟನ್ನು ಪುಟ್ಟಿ ಪುಟ್ಟಿಯಾಗಿ ತಂದು ಒಲೆಗೆ ಎರಚುವವಳು ಈರಮ್ಮ, ತುಂಬಿಕೊಡುವವಳು ಊರಮ್ಮ. ಇಬ್ಬರೂ ಹತ್ತಿರದ ಹಳ್ಳಿ ರಾರಾವಿಯ ಒಂದೇ ಕೇರಿಯವರು. ಈರಮ್ಮ ಮದುವೆಯಾಗಿ ಬಂದ ಹೊಸದರಲ್ಲಿ ಹಿಡಿದ ಪುಟ್ಟಿ, ಈಗ ಅವಳ ಮೊಮ್ಮಗಳು ಸಾಲೆಗೆ ಹೋಗುತ್ತಾಳೆ. ಇಷ್ಟು ವರ್ಷ ಅವಳ ಹುಬ್ಬು ಸುಟ್ಟು ಸುಟ್ಟು ಬೆಳೆದವು, ಮೊಣಕೈಯ ಕೂದಲು ಬೆಳೆಯುವುದನ್ನೇ ಬಿಟ್ಟವು. ಆ ಕೆಲಸಕ್ಕೆ ಸಾವ್ಕಾರರ ಬೀಗರ ಪೈಕಿ ಒಬ್ಬರೂ ಅರ್ಜಿ ಹಾಕಿರಲಿಲ್ಲ. ಕುರ್ಚಿ ಬಂದದ್ದೇ ತಡ, ಅದರ ವಾಸನೆ ಕುರುಗೋಡಿನವರೆಗೂ ಹೋಯಿತು.

ಮಿಲ್ಲಿನಲ್ಲಿ ಕೂಡುವುದಕ್ಕೂ ಏಳುವುದಕ್ಕೂ ಒಂದು ರೀತಿ ಇತ್ತು. ಸಾವ್ಕಾರ ಒಳಗೆ ಬಂದರೆ ಕೂತವರು ಏಳಬೇಕು. ಗುಮಾಸ್ತ ಎದ್ದರೂ ನಡೆಯುತ್ತಿತ್ತು, ಎದ್ದಂತೆ ಮಾಡಿದರೂ ನಡೆಯುತ್ತಿತ್ತು. ಈರಮ್ಮನಿಗೆ ಆ ತೊಂದರೆಯೇ ಇರಲಿಲ್ಲ, ಅವಳು ಯಾವಾಗಲೂ ನಿಂತೇ ಇರುತ್ತಿದ್ದಳು. ಚಹಾ ಬಂದಾಗ ಅವಳು ಮತ್ತು ಊರಮ್ಮ ಹೊರಗೆ ಗೋಣಿಚೀಲದ ಮೇಲೆ ಕೂತು ಕುಡಿಯುತ್ತಿದ್ದರು. ಮೊದಲು ಇವರಿಗೆ ಬೇರೆ ಲೋಟ ಇತ್ತು. ಕಾಗದದ ಕಪ್ಪು ಬಂದ ಮೇಲೆ ಆ ತಂಟೆ ತಾನಾಗಿ ತಪ್ಪಿತು, ಯಾರೂ ಮನಸ್ಸು ಬದಲಿಸಿಕೊಳ್ಳುವ ಕಷ್ಟ ತೆಗೆದುಕೊಳ್ಳಬೇಕಾಗಿ ಬರಲಿಲ್ಲ.

ಅಂದು ಸಂಜೆ ಮನೆಗೆ ಬಂದವಳೇ ಈರಮ್ಮ ಗಂಡನ ಮುಂದೆ ಎಲ್ಲವನ್ನೂ ಕಕ್ಕಿದಳು. ಹಂಪಯ್ಯ ತಲೆ ತುರಿಸಿಕೊಂಡ.

"ಬಿಟ್ಟುಬಿಡ. ಕುರ್ಚಿ ಮ್ಯಾಲೆ ಕುಂತ್ರ ಹೊಟ್ಟಿ ತುಂಬತೈತೇನು? ನಮ್ಮನ್ಯಾಗೂ ಕುರ್ಚಿ ಅದಾವು. ಎಷ್ಟು ಬೇಕೋ ಅಷ್ಟು ಕುಂದ್ರು."

"ಮನ್ಯಾಗಿನ ಕುರ್ಚಿ ನಾವು ಕೊಂಡಿದ್ದು. ಆ ಕುರ್ಚಿ ನನ್ನ ಕೆಲಸದ್ದು."

"ಅವ್ರು ಕೆಲ್ಸಾನ ಬ್ಯಾಡ ಅಂದ್ರ?"

"ನಿಂತು ಮಾಡೂಮಟ ನಂದು ಆಗಿತ್ತು ಆ ಕೆಲ್ಸ. ಕುಂತು ಮಾಡೂದು ಬಂದ ಕೂಡ್ಲೆ ಬ್ಯಾರೆದವ್ರದು ಹೆಂಗಾತು, ಅಷ್ಟು ಹೇಳು ನೀನು."

ಹಂಪಯ್ಯ ಎದ್ದು ಹೋಗಿ ಅವಳಿಗೊಂದು ತಂಬಿಗೆ ನೀರು ತಂದಿಟ್ಟ. ಹೇಳುವ ಅಗತ್ಯ ಇರಲಿಲ್ಲ, ಉತ್ತರ ಇಬ್ಬರಿಗೂ ಗೊತ್ತಿದ್ದದ್ದೇ.

ಜಂಬುನಾಥ ಬಂದ. ಇಸ್ತ್ರಿ ಮಾಡಿದ ಅಂಗಿ, ಹಣೆಯ ಮೇಲೆ ವಿಭೂತಿ, ಕೈಯಲ್ಲಿ ದೊಡ್ಡ ಮೊಬೈಲು. ಕೆಟ್ಟವನೇನಲ್ಲ, ಕೆಲಸವಿಲ್ಲದೆ ಊರಲ್ಲಿ ಮಾತು ಕೇಳಿ ಕೇಳಿ ಬೇಸತ್ತವನು. ಬಂದ ದಿನವೇ ಕುರ್ಚಿಯ ಬೆನ್ನಿಗೆ ಹಳದಿ ಟವೆಲ್ ಹಾಸಿದ. ಮೋಟರಿನ ಸದ್ದಿಗೆ ಅಮರೇಶ್ ಅವನಿಗೆ ಕೂಗಿ ಕೂಗಿ ಕಲಿಸುತ್ತಿದ್ದರೆ, ಅಂಗಳದಲ್ಲಿ ಭತ್ತ ಹರವುತ್ತಿದ್ದ ಈರಮ್ಮನಿಗೂ ಎಲ್ಲ ಕೇಳುತ್ತಿತ್ತು. ನೆತ್ತಿ ಸುಡುವ ಬಿಸಿಲಲ್ಲಿ ಕಾಲಿನಿಂದ ಭತ್ತ ತಿರುವುತ್ತ ಅವಳು ಆಗಾಗ ಆ ಬಾಗಿಲ ಕಡೆ ನೋಡುತ್ತಿದ್ದಳು. ನೀಲಿ ಕುರ್ಚಿ, ಹಳದಿ ಟವೆಲ್. ಹೊಟ್ಟೆ ಉರಿಯುತ್ತಿತ್ತು, ಸುಳ್ಳು ಯಾಕೆ ಹೇಳಬೇಕು.

ಒಂದು ದಿನ ಬೆಳಿಗ್ಗೆ, ಚಹಾದ ಹೊತ್ತಿಗೆ, ಕರೆಂಟ್ ಹೋಯಿತು.

ಫೀಡರ್ ಗಕ್ಕನೆ ನಿಂತಿತು. ಜನರೇಟರ್ ಇತ್ತು, ಆದರೆ ಅದರ ಲೈನು ಗಿರಣಿಗೆ ಮಾತ್ರ. ಫೀಡರಿಗೆ ಜೋಡಿಸಲು ನಾಳೆ ಬರುತ್ತೇನೆಂದು ಹೇಳಿ ಹೋದ ಎಲೆಕ್ಟ್ರಿಷಿಯನ್ ಇನ್ನೂ ಆ ನಾಳೆಯಲ್ಲೇ ಇದ್ದ. ತೊಟ್ಟಿಗಳ ತುಂಬ ನೆನೆದ ಭತ್ತ ಹಬೆಗೆ ಕಾದಿತ್ತು. ಹೊತ್ತು ಮೀರಿದರೆ ಅದು ಹುಳಿವಾಸನೆ ಹಿಡಿಯುತ್ತದೆ, ಆಮೇಲೆ ಆ ಅಕ್ಕಿಯನ್ನು ಯಾರೂ ಮೂಸಿ ನೋಡುವುದಿಲ್ಲ. ಕೊಟ್ರಬಸಪ್ಪ ಆಫೀಸಿನಲ್ಲಿ ಫೋನು ಹಿಡಿದು ಕರೆಂಟಿನವರ ಮೇಲೆ ಕೂಗಾಡುತ್ತಿದ್ದ. ಬಾಯ್ಲರ್ ಮನೆಯಲ್ಲಿ ಉರಿ ಕುಗ್ಗುತ್ತಿತ್ತು.

"ಜಂಬಣ್ಣ, ಪುಟ್ಟಿ ತಗೊಂಡು ಹಾಕು, ಮುಳ್ಳು ಇಳಿಯಾಕತ್ತೈತಿ!" ಎಂದ ಅಮರೇಶ್.

ಜಂಬುನಾಥ ಪುಟ್ಟಿಯನ್ನು ನೋಡಿದ, ಮುಟ್ಟಲಿಲ್ಲ. "ನಾ ಆಪರೇಟರ್ ಅಂತ ಬಂದೀನಿ. ಇದು ನಮ್ಮ ಮಂದಿ ಮಾಡೂ ಕೆಲ್ಸ ಅಲ್ಲ. ಅಂಗಳದಾಗ ಅದಾರಲ್ಲ, ಕರೀರಿ."

ಕರೆದರು. ಈರಮ್ಮ ಬಂದಳು, ಹಿಂದೆಯೇ ಊರಮ್ಮ. ಬಾಗಿಲಲ್ಲಿ ನಿಂತು ಈರಮ್ಮ ಒಲೆಯ ಕಿಂಡಿ ನೋಡಿದಳು, ಮೂಲೆಯಲ್ಲಿ ಬಿದ್ದಿದ್ದ ತನ್ನ ಹಳೆಯ ಪುಟ್ಟಿ ನೋಡಿದಳು, ಕುರ್ಚಿ ನೋಡಿದಳು. ಆಗುವುದಿಲ್ಲ ಎಂದುಬಿಡಬಹುದಿತ್ತು. ಭತ್ತ ಹುಳಿಯಾಗಲಿ, ಸಾವ್ಕಾರ ಬಾಯಿ ಬಡಿದುಕೊಳ್ಳಲಿ, ಜಂಬುನಾಥ ತನ್ನ ಟವೆಲಿನಲ್ಲಿ ಮುಖ ಮುಚ್ಚಿಕೊಳ್ಳಲಿ. ಒಂದು ಗಳಿಗೆ ಆ ಯೋಚನೆ ಬೆಲ್ಲದ ಹಾಗೆ ಸಿಹಿಯಾಗಿತ್ತು. ಆದರೆ ಅನ್ನದ ಮೇಲೆ ಸಿಟ್ಟು ತೀರಿಸಿಕೊಳ್ಳುವುದು ಅವಳ ಕೈಯಲ್ಲಿ ಆಗದ ಕೆಲಸ. ಬಾಯಿ ಮುಚ್ಚಿಕೊಂಡು ಪುಟ್ಟಿ ಎತ್ತುವುದೂ ಇನ್ನು ಆಗದು.

"ಹಾಕ್ತೀನಿ ಸಣ್ಣ ಸಾವ್ಕಾರ್ರ," ಎಂದಳು. "ಆದ್ರ ಕುಂತು ಹಾಕ್ತೀನಿ."

"ಅಂದ್ರ?"

ಅವಳು ಹೋಗಿ ಕುರ್ಚಿಯ ತೋಳು ಹಿಡಿದು ಎಳೆದಳು. ಸಿಮೆಂಟಿನ ನೆಲದ ಮೇಲೆ ಅದರ ಕಾಲು ಕರ್ರೆಂದವು. ಜಂಬುನಾಥ ಓಡಿಬಂದು ಕುರ್ಚಿಯ ಬೆನ್ನು ಹಿಡಿದ.

"ಏ, ತಲಿ ಕೆಟ್ಟೈತೇನು ನಿನಗ? ನನ್ನ ಕುರ್ಚಿ ಅದು!"

"ಕರೆಂಟ್ ಹೋತಲ್ಲ ತಮ್ಮಾ. ಈಗ ಯಾರು ಆಪರೇಟರು? ಹಾಕು ನೀನ, ನಾ ಹೊಕ್ಕೀನಿ ಅಂಗಳಕ್ಕ."

ಜಂಬುನಾಥ ಅಮರೇಶನ ಕಡೆ ನೋಡಿದ. ಅಮರೇಶ್ ಮುಳ್ಳಿನ ಕಡೆ ನೋಡಿದ. "ಬಿಡೋ ಜಂಬಣ್ಣ, ಸದ್ಯಕ್ಕ ಬಿಡು," ಎಂದ. ಅಡ್ಡಗೋಡೆಯ ದೀಪ ಆ ಹೊತ್ತಿಗೆ ಈ ಕಡೆಗೂ ಒಂದಿಷ್ಟು ಬೆಳಕು ಬೀರಿತು.

ಈರಮ್ಮ ಹಳದಿ ಟವೆಲನ್ನು ಮಡಿಚಿ ಜಂಬುನಾಥನ ಕೈಗೆ ಕೊಟ್ಟಳು. ಒಲೆಯ ಬಾಯಿಗೆ ಎದುರಾಗಿ ಕುರ್ಚಿ ಹಾಕಿ ಕೂತಳು. ಊರಮ್ಮ ಹೆದರುತ್ತ ಹೆದರುತ್ತಲೇ ಪುಟ್ಟಿ ತುಂಬಿ ಕೊಟ್ಟಳು. ಈರಮ್ಮ ಎರಚಿದಳು. ಉರಿ ಭಗ್ಗೆಂದಿತು.

ಕೂತು ಎರಚುವುದು ನಿಂತು ಎರಚುವುದಕ್ಕಿಂತ ಕಷ್ಟ ಎಂಬುದು ಅವಳಿಗೆ ಆಗ ಗೊತ್ತಾಯಿತು. ಸೊಂಟದ ಬಲವಿಲ್ಲದೆ ಬರೀ ರಟ್ಟೆಯಿಂದಲೇ ಬೀಸಬೇಕು. ಝಳ ನೇರವಾಗಿ ಮೊಣಕಾಲಿಗೆ ಬಡಿಯುತ್ತಿತ್ತು, ಸೀರೆಯ ನಿರಿಗೆ ಎಲ್ಲಿ ಹೊತ್ತಿಕೊಳ್ಳುತ್ತದೋ ಎಂದು ಅಂಜಿಕೆ. "ಅಕ್ಕಾ, ನಿಂತಾದ್ರೂ ಹಾಕ, ರಟ್ಟಿ ಬಿದ್ದು ಹೊಕ್ಕಾವು," ಎಂದಳು ಊರಮ್ಮ. "ಬೀಳ್ಲಿ," ಎಂದಳು ಈರಮ್ಮ. ಬೆವರು ಕಣ್ಣಿಗಿಳಿದು ಉರಿಯಿತು. ಏಳಲಿಲ್ಲ. ಇಳಿಯುತ್ತಿದ್ದ ಮುಳ್ಳು ನಿಂತಿತು, ಆಮೇಲೆ ನಿಧಾನವಾಗಿ ಮೇಲಕ್ಕೆ ಹೊರಟಿತು. ತೊಟ್ಟಿಗಳ ಕಡೆಯಿಂದ ಹಬೆಯ ಸುಯ್ಯೆನ್ನುವ ಸದ್ದೂ, ಬೇಯುವ ಭತ್ತದ ವಾಸನೆಯೂ ಬಂದವು. ಕೈಯಲ್ಲಿದ್ದ ಕೆಲಸ ಬಿಟ್ಟು ಬಂದ ಹಮಾಲರು ಬಾಗಿಲಲ್ಲಿ ಗುಂಪುಗೂಡಿ ನೋಡುತ್ತಿದ್ದರು. ಭತ್ತ ಬೇಯುವುದನ್ನಲ್ಲ, ಈರಮ್ಮ ಕೂತಿರುವುದನ್ನು.

ಕರೆಂಟ್ ಬಂತು. ದೀಪ ಹೊತ್ತಿತು. ಮೋಟರು ಒಮ್ಮೆ ಕೆಮ್ಮಿ ತಿರುಗತೊಡಗಿತು.

"ಏಳು ಇನ್ನ," ಎಂದ ಜಂಬುನಾಥ.

ಈರಮ್ಮ ಪುಟ್ಟಿ ಕೆಳಗಿಟ್ಟಳು. ಕುರ್ಚಿಯನ್ನು ಫೀಡರಿನ ಪಕ್ಕಕ್ಕೆ ಎಳೆದುಕೊಂಡು ಮತ್ತೆ ಕೂತಳು. ಅಮರೇಶ್ ಹೇಳಿದ್ದ ಹಾಗೆ ಗುಂಡಿಯನ್ನು ಸ್ವಲ್ಪ ತಿರುವಿದಳು. ಕೊಳವೆಯಿಂದ ಹೊಟ್ಟು ಸರಸರನೆ ಒಲೆಗೆ ಬಿತ್ತು.

ಆಗಲೇ ಬಾಗಿಲ ಬಳಿ ಹಮಾಲರು ಸರಿದು ದಾರಿ ಬಿಟ್ಟರು. ಕೊಟ್ರಬಸಪ್ಪ ಒಳಗೆ ಬಂದ. ಚೀಲದ ಮೇಲೆ ಕುಕ್ಕರಿಸಿದ್ದ ಊರಮ್ಮ ದಡಕ್ಕನೆ ಎದ್ದಳು. ಜಂಬುನಾಥ ಟವೆಲ್ ಹಿಡಿದು ನೆಟ್ಟಗೆ ನಿಂತ. ಈರಮ್ಮನ ಕಾಲೂ ಏಳಲೆಂದು ತಾವಾಗಿ ನೆಲ ಒತ್ತಿದವು. ಅವಳು ಕುರ್ಚಿಯ ಎರಡೂ ತೋಳುಗಳನ್ನು ಬಿಗಿಯಾಗಿ ಹಿಡಿದುಕೊಂಡಳು. ಕಿಂಡಿಯ ಉರಿಯಿಂದ ಕಣ್ಣು ತೆಗೆಯಲಿಲ್ಲ.

ಕೊಟ್ರಬಸಪ್ಪ ನಿಂತು ನೋಡಿದ. ಬಾಯಲ್ಲಿ ಬಿಸಿ ತುಪ್ಪ, ನುಂಗುವಂತಿಲ್ಲ, ಉಗುಳುವಂತಿಲ್ಲ. ಬೈಯೋಣವೆಂದರೆ, ತೊಟ್ಟಿಯಲ್ಲಿ ಬೆಂದ ಭತ್ತ ಯಾರ ರಟ್ಟೆಯಿಂದ ಬೆಂದಿತೆಂದು ಇಷ್ಟೂ ಜನಕ್ಕೆ ಗೊತ್ತು.

"ಪ್ರೆಷರ್ ಎಷ್ಟೈತಿ?" ಎಂದು ಕೇಳಿದ ಕೊನೆಗೆ, ಗೋಡೆಯನ್ನು ಕೇಳಿದ ಹಾಗೆ.

ಜಂಬುನಾಥ ಬಾಯಿ ತೆರೆದ.

"ಹಸಿರ ಗೆರಿ ಮ್ಯಾಲೆ ಐತ್ರಿ ಮುಳ್ಳು," ಎಂದಳು ಈರಮ್ಮ, ಕೂತಲ್ಲಿಂದಲೇ.

"ಹೂಂ. ಇಳೀದಂಗ ನೋಡ್ಕೋ." ಯಾರಿಗೆ ಹೇಳಿದನೋ, ಹೆಸರು ಹಿಡಿಯಲಿಲ್ಲ. ತಿರುಗಿ ಹೋಗಿಬಿಟ್ಟ. ಆ ದಿನ ಕೆಲಸ ಮುಗಿಯುವವರೆಗೂ ಈರಮ್ಮ ಅಲ್ಲಿಂದ ಏಳಲಿಲ್ಲ, ಏಳು ಎನ್ನಲು ಮತ್ತೆ ಯಾರೂ ಬರಲಿಲ್ಲ.

ಮರುದಿನ ಬೆಳಿಗ್ಗೆ ಮಿಲ್ಲಿನ ಗೇಟು ದಾಟುತ್ತಲೇ ಊರಮ್ಮ ಅವಳ ಸೆರಗು ಜಗ್ಗಿದಳು. ನಲ್ಲಿಯ ಕಟ್ಟೆಯ ಮೇಲೆ ನೀಲಿ ಕುರ್ಚಿ ತಲೆಕೆಳಗಾಗಿ ಬಿದ್ದಿತ್ತು. ತಿಕ್ಕಿ ತಿಕ್ಕಿ ತೊಳೆದದ್ದು, ಸೋಪಿನ ನೊರೆ ಇನ್ನೂ ಕಾಲುಗಳ ಸಂದಿಯಲ್ಲಿತ್ತು. ಪಕ್ಕದಲ್ಲಿ ಜಂಬುನಾಥ, ಪ್ಯಾಂಟು ಮೊಣಕಾಲಿನವರೆಗೆ ಮಡಿಚಿ, ಕೊಡದಿಂದ ಮತ್ತೊಮ್ಮೆ ನೀರು ಸುರಿಯುತ್ತಿದ್ದ. ಇವರನ್ನು ನೋಡಿಯೂ ನೋಡದಂತೆ ಸುರಿದ.

"ನಡಿಯಕ್ಕ, ಅಂಗಳಕ್ಕ ಹೋಗೂನು," ಎಂದಳು ಊರಮ್ಮ.

ಈರಮ್ಮನ ಎದೆಯಲ್ಲಿ ಉರಿ ಎದ್ದಿತು. ಅಷ್ಟು ವರ್ಷ ಒಲೆಯ ಮುಂದೆ ನಿಂತರೂ ಅಂಥ ಉರಿ ಕಂಡಿರಲಿಲ್ಲ. ಹಮಾಲರು ಚೀಲ ಹೊರುವುದನ್ನು ಬಿಟ್ಟು ನಿಂತಿದ್ದರು. ಆಫೀಸಿನ ಕಿಟಕಿಯಲ್ಲಿ ಕೊಟ್ರಬಸಪ್ಪನ ಬಿಳಿ ಅಂಗಿ ಕಾಣುತ್ತಿತ್ತು. ಅವಳು ನೇರ ನಲ್ಲಿಯ ಹತ್ತಿರ ಹೋದಳು. ಆ ಕಿಟಕಿಗೂ ಕೇಳುವಷ್ಟು ಗಟ್ಟಿಯಾಗಿ ಹೇಳಿದಳು:

"ಚೊಲೋ ಮಾಡಿದಿ ನೋಡು ತಮ್ಮಾ! ನಿನ್ನೆ ಹೊಟ್ಟಿನ ಧೂಳು ಭಾಳ ಹತ್ತಿತ್ತು. ನನಗ ತೊಳಿಯಾಕ ಹೊತ್ತ ಆಗಲಿಲ್ಲ. ದಿನಾ ಮುಂಜಾನಿ ನಾ ಬರೂದ್ರಾಗ ಹಿಂಗ ತೊಳದು ಇಟ್ಟುಬಿಡು."

ಹಮಾಲರಲ್ಲಿ ಯಾರೋ ಕಿಸಕ್ಕೆಂದ. ಒಬ್ಬ ನಕ್ಕದ್ದೇ ಸಾಕಾಯಿತು, ಉಳಿದವರೂ ನಕ್ಕರು. ಜಂಬುನಾಥನ ಕೈಯಲ್ಲಿ ಕೊಡ ಹಾಗೆಯೇ ಉಳಿಯಿತು. ಈರಮ್ಮ ಕುರ್ಚಿಯನ್ನು ಎತ್ತಿ, ಕೊಡವಿ, ಸೊಂಟದ ಮೇಲೆ ಪುಟ್ಟಿ ಹೊತ್ತ ಹಾಗೆಯೇ ಹೊತ್ತುಕೊಂಡು ಬಾಯ್ಲರ್ ಮನೆಗೆ ನಡೆದಳು. ದಾರಿಯುದ್ದಕ್ಕೂ ನೀರು ತೊಟ್ಟಿಕ್ಕಿತು.

ಫೀಡರಿನ ಪಕ್ಕದಲ್ಲಿ ಅದನ್ನಿಟ್ಟು, ಒರೆಸದೆಯೇ ಕೂತಳು. ತಣ್ಣನೆಯ ನೀರು ಸೀರೆಯೊಳಗೆ ಇಳಿಯಿತು. ಕೈ ಚಾಚಿ ಮೋಟರಿನ ಸ್ವಿಚ್ಚು ಒತ್ತಿದಳು. ಮೇಲಿನ ಡಬ್ಬದಲ್ಲಿ ಹೊಟ್ಟು ಕುಸಿಯಿತು, ಸರಳು ತಿರುಗಿತು, ಕಿಂಡಿಯಾಚೆ ಉರಿ ಎದ್ದು ಕೂತಿತು. ಬಾಗಿಲಲ್ಲಿ ಊರಮ್ಮ ನಿಂತೇ ಇದ್ದಳು. ಈರಮ್ಮ ತಿರುಗಿ ನೋಡದೆ, ಗೋಡೆಯ ಬಳಿಯ ಗೋಣಿಚೀಲವನ್ನು ಕಾಲಿನಿಂದ ಅವಳ ಕಡೆ ಸರಿಸಿದಳು. ಒಲೆಯ ಕಾವಿಗೆ ಕುರ್ಚಿಯ ಕೆಳಗಿನ ನೀರು ಅಂಚಿನಿಂದ ಆರತೊಡಗಿತ್ತು.